ಪಲ್ಪರ್ ಶಾಫ್ಟ್ ಒಂದೇ ಸೀಸನ್‌ಗೆ ಸವೆಯುತ್ತಿದೆ: ಕೇಸ್ ಹಾರ್ಡನಿಂಗ್ ಮಾಡಿಸಿದರೆ ನಿಲ್ಲುತ್ತಾ?

ಅಮ್ಮತ್ತಿ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಅಮ್ಮತ್ತಿ ಹತ್ತಿರ ಸಣ್ಣ ಕಾಫಿ ತೋಟ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಅಜ್ಜನ ಕಾಲದ ಡ್ರಮ್ ಪಲ್ಪರ್ ಇದೆ, ತಾಮ್ರದ ತಗಡಿನದು. ಅದರ ಹಳೇ ಶಾಫ್ಟ್ ವರ್ಷಗಟ್ಟಲೆ ಬಾಳಿಕೆ ಬಂತು. ಅದು ಹೋದ ಮೇಲೆ ಪೇಟೆಯ ಲೇತ್ ಅಂಗಡಿಯಲ್ಲಿ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ರಾಡ್ ತೆಗೆದುಕೊಂಡು ಹೊಸದು ಮಾಡಿಸಿದೆ. ಅರೇಬಿಕಾ ಮುಗಿದು ರೋಬಸ್ಟಾ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸುವ ಕಾಫಿ) ಶುರು ಮಾಡುವಷ್ಟರಲ್ಲಿ ಡಗಡಗ ಅನ್ನುವುದಕ್ಕೆ ಹಿಡಿಯಿತು. ಬಿಚ್ಚಿ ನೋಡಿದರೆ ಬುಷ್ (ಶಾಫ್ಟ್ ಒಳಗೆ ತಿರುಗುವ ಲೋಹದ ಬಳೆ) ಕೂರುವ ಜಾಗದಲ್ಲಿ ಸುತ್ತಲೂ ಉಗುರು ಸಿಕ್ಕುವಷ್ಟು ಗೀರು. ಶಾಫ್ಟ್ ಅಲ್ಲಿ ಸಣ್ಣಗಾಗಿದೆ. ಗನ್‌ಮೆಟಲ್ (ತಾಮ್ರ, ತವರದ ಮಿಶ್ರಲೋಹ) ಬುಷ್ ಮಾತ್ರ ಹೆಚ್ಚುಕಡಿಮೆ ಹಾಗೇ ಇದೆ! ಮೆತ್ತಗಿರುವುದು ಉಳಿದು ಗಟ್ಟಿ ಇರುವುದು ಸವೆಯುವುದು ಯಾವ ನ್ಯಾಯ?

ಲೇತ್‌ನವರು ಕೇಸ್ ಹಾರ್ಡನಿಂಗ್ ಮಾಡಿಸಿ ಅಂತಾರೆ. ಪಕ್ಕದ ತೋಟದವರು ನೈಟ್ರೈಡಿಂಗ್ ಅಂತಾರೆ. ನಮ್ಮ ತೋಟದ ಲೆಕ್ಕ ಬರೆಯುವ ರೈಟರ್, ಕಮ್ಮಾರನ ಹತ್ತಿರ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿಸಿದರೆ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಸಿದ್ದಾಪುರ ಜೀಪ್:
ರೈಟರ್ ಹೇಳಿದ್ದೇ ಸರಿ. ಕಾಯಿಸಿ ವೇಸ್ಟ್ ಆಯಿಲ್‌ಗೆ ಅದ್ದಿ, ಕಲ್ಲಿನ ಹಾಗೆ ಆಗುತ್ತದೆ. ಸುಮ್ನೆ ಮೈಸೂರು, ಬೆಂಗಳೂರು ಅಂತ ದುಡ್ಡು ಕಳೀಬೇಡಿ.

ಲೇತ್ ಮೇಷ್ಟ್ರು:
ಜೀಪ್ ಅವರೇ, ಯಾವ ಕಬ್ಬಿಣ ಅಂತ ಮೊದಲು ಕೇಳಬೇಕಲ್ವಾ? ಎಂಎಸ್‌ನಲ್ಲಿ ಇಂಗಾಲ ಶೇ. 0.2ರ ಆಸುಪಾಸು ಇರುತ್ತದೆ. ಅದನ್ನು ಎಷ್ಟೇ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೂ ಹೇಳಿಕೊಳ್ಳುವಂಥ ಗಟ್ಟಿ ಬರುವುದಿಲ್ಲ. ಬಣ್ಣ ಮಾತ್ರ ಕಪ್ಪಾಗುತ್ತದೆ. ಅದ್ದಿದ ತಕ್ಷಣ ಗಟ್ಟಿಯಾಗಬೇಕಾದರೆ ಶೇ. 0.4 ಆದರೂ ಇಂಗಾಲ ಬೇಕು. ಲಾರಿ ಸ್ಪ್ರಿಂಗ್ ಪಟ್ಟಿಯಲ್ಲಿ ಅದು ಇರುತ್ತದೆ, ಅದಕ್ಕೇ ಕತ್ತಿ ಮಾಡುವವರು ಅದನ್ನು ಹುಡುಕುವುದು.

ಕೇಸ್ ಹಾರ್ಡನಿಂಗ್ ಅಂದರೆ ಕಡಿಮೆ ಇಂಗಾಲದ ಉಕ್ಕಿನ ಮೇಲ್ಮೈಗೆ ಮಾತ್ರ ಹೊರಗಿನಿಂದ ಇಂಗಾಲ ಕುಡಿಸುವುದು. 900ರಿಂದ 950 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಇಡಬೇಕು. ಆಮೇಲೆ ಎಣ್ಣೆಗೆ ಅದ್ದಿ, 150-200 ಡಿಗ್ರಿಯಲ್ಲಿ ಮತ್ತೆ ಹದ ಮಾಡಬೇಕು. ಹೊರಗೆ ಸುಮಾರು ಒಂದು ಮಿ.ಮೀ. ದಪ್ಪಕ್ಕೆ 60 ರಾಕ್‌ವೆಲ್‌ವರೆಗೆ (ಗಡಸುತನದ ಒಂದು ಅಳತೆ) ಗಟ್ಟಿ, ಒಳಗೆ ಮೆತ್ತಗೆ. ಹೊರಮೈ ಬೇಗ ಸವೆಯುವುದಿಲ್ಲ, ಒಳಗಿನದು ಏಟು ತಡೆಯುತ್ತದೆ. ಗೇರ್‌ಗಳನ್ನೆಲ್ಲ ಹಾಗೇ ಮಾಡುವುದು.

ಸಿದ್ದಾಪುರ ಜೀಪ್:
ನಮ್ಮ ಊರ ಕಮ್ಮಾರ ಮಾಡಿಕೊಟ್ಟ ಜೀಪಿನ ಪಿನ್ ಇನ್ನೂ ಓಡ್ತಾ ಇದೆ ಸಾರ್. ಪುಸ್ತಕದ ಮಾತು ಬೇರೆ, ಕೆಲಸ ಬೇರೆ.

ಲೇತ್ ಮೇಷ್ಟ್ರು:
ಆ ಪಿನ್‌ನ ತುದಿಗೆ ಹೊಸ ಫೈಲ್ ಹಾಕಿ ಉಜ್ಜಿ ನೋಡಿ. ಫೈಲ್ ಕಚ್ಚದೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಗಟ್ಟಿ ಇದೆ. ಪುಡಿ ಬಿದ್ದರೆ ಇಲ್ಲ. ಗಟ್ಟಿ ಇದ್ದರೆ ಅವನು ಸ್ಪ್ರಿಂಗ್ ಪಟ್ಟಿಯಲ್ಲೋ ಹಳೇ ಆಕ್ಸೆಲ್‌ನಲ್ಲೋ ಮಾಡಿರುತ್ತಾನೆ.

ಪೀಣ್ಯ ನೈಟ್ ಶಿಫ್ಟ್:
ನಾನು ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲೇ ಕೆಲಸ ಮಾಡೋದು, ಊರು ಸುಂಟಿಕೊಪ್ಪ. ಅಮ್ಮತ್ತಿ ಅಣ್ಣ, ನೀವು ಈಗಿರುವ ಎಂಎಸ್ ಶಾಫ್ಟ್‌ನ್ನು ನೈಟ್ರೈಡಿಂಗ್‌ಗೆ ಕಳಿಸಿದರೆ ದುಡ್ಡು ದಂಡ. ನೈಟ್ರೈಡಿಂಗ್ ಅಂದರೆ 500-570 ಡಿಗ್ರಿಯಲ್ಲಿ ಅಮೋನಿಯಾ ಗ್ಯಾಸ್ ಬಿಡುವುದು. ಸಾರಜನಕ ಒಳಗೆ ಹೋಗಿ ಅಲ್ಯೂಮಿನಿಯಂ, ಕ್ರೋಮಿಯಂ ಥರದವುಗಳ ಜೊತೆ ಸೇರಿ ಗಟ್ಟಿ ಕಣ ಆಗಬೇಕು. ಎಂಎಸ್‌ನಲ್ಲಿ ಆ ಲೋಹಗಳೇ ಇಲ್ಲ. ಮೇಲೆ ಕೆಲವು ಮೈಕ್ರಾನ್ ಬಿಳಿ ಪದರ ಬರುತ್ತದೆ ಅಷ್ಟೆ. ಇಎನ್ 41ಬಿ ಉಕ್ಕಿಗೆ ಮಾಡಿದರೆ 900 ವಿಕರ್ಸ್ (ಗಡಸುತನದ ಇನ್ನೊಂದು ಅಳತೆ) ದಾಟುತ್ತದೆ, ಆದರೆ ಅದು ನಿಮ್ಮ ಪೇಟೆಯಲ್ಲಿ ಸಿಗುವ ರಾಡ್ ಅಲ್ಲ.

ನೈಟ್ರೈಡಿಂಗ್‌ನ ದೊಡ್ಡ ಲಾಭ ಅಂದರೆ ಅದ್ದುವ ಕೆಲಸ ಇಲ್ಲ, ಹಾಗಾಗಿ ಸೊಟ್ಟಗಾಗುವುದು ಬಹಳ ಕಡಿಮೆ. ಮೇಷ್ಟ್ರು ಹೇಳಿದ ಇಂಗಾಲ ಕುಡಿಸುವ ಕೆಲಸದಲ್ಲಿ, ಅಂದರೆ ಕಾರ್ಬುರೈಸಿಂಗ್‌ನಲ್ಲಿ, ಉದ್ದ ಶಾಫ್ಟ್ ಬಾಳೆಕಾಯಿ ಆಗಿ ಹೊರಗೆ ಬರುತ್ತದೆ. ಕುಲುಮೆಯಲ್ಲಿ ನೇತು ಹಾಕಿದರೂ ಸ್ವಲ್ಪ ಬಾಗುತ್ತದೆ. ಆಮೇಲೆ ಗ್ರೈಂಡಿಂಗ್ ಮಾಡಬೇಕು. ಬಾಗಿದ್ದು ಜಾಸ್ತಿ ಆದರೆ ಗ್ರೈಂಡ್ ಮಾಡುವಾಗ ಒಂದು ಕಡೆ ಗಟ್ಟಿ ಪದರವೇ ಹೋಗಿಬಿಡುತ್ತದೆ. ಮೇಲೆ ನೋಡಿದರೆ ಫಳಫಳ, ಕೆಳಗೆ ಎಂಎಸ್.

ಕರಿಮೆಣಸು ಸೋಮವಾರಪೇಟೆ:
ವೆಲ್ಡಿಂಗ್ ತುಂಬಿಸಿ ಟರ್ನ್ ಮಾಡಿಸಿದರೆ ಆಗಲ್ವಾ? ಎಲ್ಲರೂ ಮಾಡೋದು ಅದೇ.

ಲೇತ್ ಮೇಷ್ಟ್ರು:
ಆಗುತ್ತದೆ. ಆಮೇಲೆ ಒಂದು ದಿನ ಸೀಸನ್ ಮಧ್ಯೆ ವೆಲ್ಡ್ ಮುಗಿಯುವ ಅಂಚಿನಲ್ಲಿ ಪಟ್ ಅಂತ ಮುರಿಯುತ್ತದೆ.

ಮೆಟಲರ್ಜಿ ಅಕ್ಕ:
ಎಲ್ಲರೂ ಯಾವ ಹಾರ್ಡನಿಂಗ್ ಅಂತ ಜಗಳ ಆಡುತ್ತಿದ್ದೀರಿ. ಅವರು ಕೇಳಿದ ಮೊದಲನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಬುಷ್ ಉಳಿದು ಶಾಫ್ಟ್ ಯಾಕೆ ಸವೆಯಿತು? ಇಡೀ ವಿಷಯ ಅಲ್ಲೇ ಇರುವುದು.

ಹಣ್ಣಿನ ಜೊತೆ, ನೀರಿನ ಜೊತೆ ಮಣ್ಣು, ಮರಳು ಬರುತ್ತದೆ. ಅದು ಬುಷ್ ಒಳಗೆ ಹೋಗುತ್ತದೆ. ಗನ್‌ಮೆಟಲ್ ಮೆತ್ತಗಿರುವುದರಿಂದ ಮರಳಿನ ಕಣ ಅದರ ಮೈಯಲ್ಲಿ ನೆಟ್ಟು ಕೂತುಬಿಡುತ್ತದೆ, ಮೊನೆ ಮಾತ್ರ ಹೊರಗೆ. ಈಗ ನಿಮ್ಮ ಬುಷ್ ಬುಷ್ ಆಗಿ ಉಳಿದಿಲ್ಲ, ಉಜ್ಜುವ ಸಾಧನ ಆಗಿದೆ. ಶಾಫ್ಟ್ ಸುತ್ತಿದ ಹಾಗೆಲ್ಲ ಅದನ್ನು ಕೆರೆಯುತ್ತದೆ. ವರ್ಕ್‌ಶಾಪಿನಲ್ಲಿ ಗಟ್ಟಿ ಉಕ್ಕನ್ನು ಲ್ಯಾಪಿಂಗ್ ಮಾಡುವುದೂ (ಅರೆದು ನುಣುಪು ಮಾಡುವುದೂ) ಇದೇ ಉಪಾಯದಿಂದ: ಮೆತ್ತಗಿನ ತಾಮ್ರ ಅಥವಾ ಬೀಡುಕಬ್ಬಿಣಕ್ಕೆ ಅರೆಯುವ ಪುಡಿ ಹಚ್ಚುತ್ತಾರೆ. ಸವೆಯುವುದು ಗಟ್ಟಿ ಉಕ್ಕು.

ಬುಷ್‌ನ್ನು ಬಿಸಿಲಿಗೆ ಹಿಡಿದು ಒಳಮೈ ನೋಡಿ. ಹೊಳೆಯುವ ಚುಕ್ಕಿಗಳು ಕಾಣುತ್ತವೆ. ಸೂಜಿಯಲ್ಲಿ ಕೆದಕಿದರೆ ಕರಕರ ಅನ್ನುತ್ತದೆ.

ಇನ್ನು ಲೆಕ್ಕ ನೋಡಿ. ಎಂಎಸ್ ಗಡಸುತನ ಸುಮಾರು 120-150 ವಿಕರ್ಸ್. ಚೆನ್ನಾಗಿ ಕೇಸ್ ಹಾರ್ಡನ್ ಮಾಡಿದ ಮೇಲ್ಮೈ 700ರ ಹತ್ತಿರ. ಮರಳಿನಲ್ಲಿರುವ ಕ್ವಾರ್ಟ್ಜ್ ಸುಮಾರು 1000. ಅಂದರೆ ಹಾರ್ಡನಿಂಗ್ ಮಾಡಿಸಿದರೂ ಮರಳೇ ಗಟ್ಟಿ. ಸವೆತ ತುಂಬಾ ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ಮೊದಲು ಮರಳು ಒಳಗೆ ಹೋಗದ ಹಾಗೆ ಸೀಲ್ ಹಾಕಿ. ಆಮೇಲೆ ಗಟ್ಟಿ ಮಾಡುವ ಮಾತು.

ಅಮ್ಮತ್ತಿ ತೋಟ:
ಅಕ್ಕಾ, ಈಗಷ್ಟೇ ಹೋಗಿ ಬುಷ್ ನೋಡಿ ಬಂದೆ. ಚುಕ್ಕಿ ಹೌದು! ಕೆಳಗಿನ ಅರ್ಧದಲ್ಲಿ ತುಂಬಾ ಇವೆ. ನಾವು ತೊಟ್ಟಿಗೆ ಹೊಳೆ ನೀರು ಹೊಡೆಯುವುದು, ಮರಳು ಬರುವುದು ಸಹಜ. ಹಳೇ ಶಾಫ್ಟ್‌ನ ತುಂಡು ಇನ್ನೂ ಇದೆ. ಫೈಲ್ ಹಾಕಿದೆ, ಜಾರಿತು.

ಲೇತ್ ಮೇಷ್ಟ್ರು:
ನೋಡಿ, ಅದು ಗಟ್ಟಿ ಮಾಡಿದ ಶಾಫ್ಟೇ. ಆ ಕಾಲದವರು ಸುಮ್ನೆ ಮಾಡುತ್ತಿರಲಿಲ್ಲ.

ಪೀಣ್ಯ ನೈಟ್ ಶಿಫ್ಟ್:
ಅಕ್ಕ ಹೇಳಿದ್ದು ನೂರಕ್ಕೆ ನೂರು. ಜೊತೆಗೆ ಪಲ್ಪಿನ ಲೋಳೆ ಹುಳಿ ಬಂದರೆ ಉಕ್ಕನ್ನು ತಿನ್ನುತ್ತದೆ. ರಾತ್ರಿ ತೊಳೆಯದೆ ಬಿಟ್ಟರೆ ಬೆಳಿಗ್ಗೆ ತುಕ್ಕು, ಮಷೀನ್ ಚಾಲೂ ಮಾಡಿದ ತಕ್ಷಣ ಆ ತುಕ್ಕೂ ಅರೆಯುವ ಪುಡಿ ಆಗುತ್ತದೆ.

ಗೋಣಿಕೊಪ್ಪ ಸ್ಪೇರ್ಸ್:
ಇಷ್ಟೆಲ್ಲ ಯಾಕೆ ಮಾರಾಯ್ರೆ. ಬುಷ್ ಕಿತ್ತು ಹಾಕಿ ಸೀಲ್ ಇರುವ ಪ್ಲಮ್ಮರ್ ಬ್ಲಾಕ್ ಬೇರಿಂಗ್ (ಬೋಲ್ಟ್ ಹಾಕಿ ಕೂರಿಸುವ ಗೂಡಿನೊಳಗಿನ ಬೇರಿಂಗ್) ಕೂರಿಸಿ. ಗ್ರೀಸ್ ಹೊಡೆಯಿರಿ. ಕಥೆ ಮುಗೀತು.

ಅಮ್ಮತ್ತಿ ತೋಟ:
ಅದನ್ನೇ ಮೊದಲು ಯೋಚಿಸಿದ್ದು. ಬೀಡುಕಬ್ಬಿಣದ ಸ್ಟ್ಯಾಂಡ್‌ನಲ್ಲಿ ಬುಷ್‌ಗೆ ಅಂತಲೇ ಅರ್ಧಚಂದ್ರ ಎರಕ ಇದೆ. ಬ್ಲಾಕ್ ಕೂರಿಸಲು ಅದನ್ನು ಕತ್ತರಿಸಬೇಕು. ಅಜ್ಜನ ಮಷೀನ್, ಕೈ ಬರಲ್ಲ.

ವಿರಾಜಪೇಟೆ ಹುಡುಗ:
ಹಾರ್ಡ್ ಕ್ರೋಮ್ ಮಾಡಿಸಿ ಅಣ್ಣ. ಹೈಡ್ರಾಲಿಕ್ ರಾಡ್ ಎಲ್ಲ ಅದೇ. ಕ್ರೋಮ್ 900 ವಿಕರ್ಸ್ ಬರುತ್ತದೆ ಅಂತ ಎಲ್ಲೋ ಓದಿದ್ದೆ.

ಮೆಟಲರ್ಜಿ ಅಕ್ಕ:
ಗಡಸುತನ ಸರಿಯೇ. ಆದರೆ ಪದರ ತೆಳು, ಕೆಳಗೆ ಮೆತ್ತಗಿನ ಎಂಎಸ್. ಭಾರ ಬಿದ್ದರೆ ಕೆಸರು ಗದ್ದೆಯ ಮೇಲೆ ಹೆಂಚು ಇಟ್ಟು ತುಳಿದ ಹಾಗೆ. ಹೆಂಚು ಗಟ್ಟಿಯೇ, ಕೆಳಗೆ ಆಧಾರ ಇಲ್ಲ. ಹೈಡ್ರಾಲಿಕ್ ರಾಡ್‌ನಲ್ಲೂ ಒಳ್ಳೆಯ ಕಂಪನಿಯವರು ಮೊದಲು ಇಂಡಕ್ಷನ್ ಹಾರ್ಡನ್ ಮಾಡಿ ಆಮೇಲೆ ಕ್ರೋಮ್ ಹಾಕುತ್ತಾರೆ. ಇನ್ನೊಂದು, ಹಾರ್ಡ್ ಕ್ರೋಮ್‌ನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇರುತ್ತವೆ. ಹುಳಿ ನೀರು ಅದರಲ್ಲಿ ಇಳಿದು ಅಡಿಯಿಂದ ತುಕ್ಕು ಹಿಡಿಸುತ್ತದೆ.

ವಿರಾಜಪೇಟೆ ಹುಡುಗ:
ಹಾಗಾದರೆ ಇಂಡಕ್ಷನ್ ಅಂದರೆ ಏನು ಅಕ್ಕ? ಅಡುಗೆಮನೆ ಒಲೆಯದ್ದೇನಾ?

ಪೀಣ್ಯ ನೈಟ್ ಶಿಫ್ಟ್:
ತತ್ವ ಅದೇ, ಶಕ್ತಿ ಬೇರೆ. ತಾಮ್ರದ ಸುರುಳಿಯೊಳಗೆ ಶಾಫ್ಟ್ ಇಟ್ಟು ಹೈ ಫ್ರೀಕ್ವೆನ್ಸಿ ಕರೆಂಟ್ ಬಿಟ್ಟರೆ ಮೇಲ್ಮೈ ಮಾತ್ರ ಕೆಲವೇ ಸೆಕೆಂಡಿನಲ್ಲಿ ಕೆಂಡ ಆಗುತ್ತದೆ. ಹಿಂದೆಯೇ ನೀರು ಚಿಮ್ಮುತ್ತದೆ. ಒಳಗೆ ಬಿಸಿ ಹೋಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಬೇಕಾದ ಜಾಗಕ್ಕೆ ಮಾತ್ರ ಮಾಡಬಹುದು, ಉಳಿದದ್ದು ಹಾಗೇ. ಆದರೆ ಇಲ್ಲಿ ಹೊರಗಿನಿಂದ ಇಂಗಾಲ ಸೇರುವುದಿಲ್ಲ, ಉಕ್ಕಿನಲ್ಲೇ ಇರಬೇಕು. ಹಾಗಾಗಿ ಎಂಎಸ್‌ಗೆ ಆಗಲ್ಲ. ಇಎನ್ 8 ತಗೊಳ್ಳಿ, ಶೇ. 0.4 ಇಂಗಾಲ ಇರುತ್ತದೆ, ಎಲ್ಲ ಕಡೆ ಸಿಗುತ್ತದೆ. 50ರಿಂದ 55 ರಾಕ್‌ವೆಲ್ ಆರಾಮಾಗಿ ಬರುತ್ತದೆ. ಅಮ್ಮತ್ತಿ ಅಣ್ಣನಿಗೆ ನನ್ನ ಪ್ರಕಾರ ಇದೇ ಸರಿ. ಬುಷ್ ಕೂರುವ ಎರಡು ಜಾಗಕ್ಕೆ ಮಾತ್ರ ಮಾಡಿಸಿ, 0.3 ಮಿ.ಮೀ. ಗ್ರೈಂಡಿಂಗ್‌ಗೆ ಬಿಟ್ಟು ಕಳಿಸಿ.

ಒಂದು ವೇಳೆ ಕಾರ್ಬುರೈಸಿಂಗ್ ಮಾಡಿಸುವುದಾದರೆ ಇಎನ್ 353 ಅಥವಾ 20 ಎಂಎನ್‌ಸಿಆರ್ 5 ಉಕ್ಕು ತಗೊಳ್ಳಿ. ಚೀಟಿಯಲ್ಲಿ ಕೇಸ್ ಡೆಪ್ತ್ (ಗಟ್ಟಿ ಪದರದ ದಪ್ಪ) ಎಷ್ಟು ಅಂತ ಬರೆಯಿರಿ. ಬರೀ "ಹಾರ್ಡನಿಂಗ್" ಅಂತ ಬರೆದು ಕಳಿಸುವವರೇ ಜಾಸ್ತಿ, ನಾವು ಏನಂತ ಮಾಡೋದು? ಮರೆ ಮಾಡುವ ಕೆಲಸವೂ ಇದೆ: ಥ್ರೆಡ್, ಕೀ-ವೇ (ಕೀ ಕೂರುವ ಗಾಡಿ) ಇರುವ ಕಡೆ ಇಂಗಾಲ ಹೋಗದ ಹಾಗೆ ಪೇಸ್ಟ್ ಹಚ್ಚಿಸಬೇಕು. ಇಲ್ಲದಿದ್ದರೆ ನಟ್ ಬಿಗಿ ಮಾಡುವಾಗ ಥ್ರೆಡ್ ಬಿಸ್ಕತ್ ಥರ ಉದುರುತ್ತದೆ.

ಕಾಳುಮೆಣಸಿನ ಬಳ್ಳಿ:
ಮನೆಯಲ್ಲೇ ಮಾಡೋಕೆ ಆಗಲ್ವಾ? ಇದ್ದಿಲು ನಮ್ಮಲ್ಲಿ ಬೇಕಾದಷ್ಟಿದೆ.

ಲೇತ್ ಮೇಷ್ಟ್ರು:
ಸಣ್ಣ ಪಿನ್, ಬುಷ್ ಆದರೆ ಆಗುತ್ತದೆ. ಐಟಿಐಯಲ್ಲಿ ನಾವು ಮಾಡಿಸುತ್ತಿದ್ದದ್ದು ಹೀಗೆ. ದಪ್ಪ ಪೈಪಿನ ತುಂಡಿಗೆ ಒಂದು ಕಡೆ ತಳ ವೆಲ್ಡ್ ಮಾಡಿ. ಕಡಲೆಕಾಳಿನ ಗಾತ್ರಕ್ಕೆ ಒಡೆದ ಇದ್ದಿಲು, ಅದಕ್ಕೆ ಸ್ವಲ್ಪ ವಾಷಿಂಗ್ ಸೋಡಾ ಬೆರೆಸಿ. ಪಿನ್ ಸುತ್ತಲೂ ಎಲ್ಲ ಕಡೆ ಒಂದಿಂಚು ಇದ್ದಿಲು ಇರಬೇಕು. ಮುಚ್ಚಳ ಇಟ್ಟು ಜೇಡಿಮಣ್ಣಿನಲ್ಲಿ ಸಂದು ಮೆತ್ತಿ. ಒಳಗೆ ಇದ್ದಿಲು ಉರಿಯುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಆಗಿ ಅದೇ ಉಕ್ಕಿಗೆ ಇಂಗಾಲ ಸಾಗಿಸುತ್ತದೆ. ಹಾಗಾಗಿ ಕೆಲಸ ಬಯಲಿನಲ್ಲೇ ಮಾಡಿ, ಕೋಣೆಯೊಳಗೆ ಬೇಡವೇ ಬೇಡ, ಜೀವಕ್ಕೆ ಅಪಾಯ.

ಕಷ್ಟ ಇರುವುದು ಬಿಸಿ ಒಂದೇ ಸಮ ಹಿಡಿಯುವುದರಲ್ಲಿ. ಇನ್ನೊಂದು, ಪದರ ಎರಡರಷ್ಟು ದಪ್ಪ ಬೇಕಾದರೆ ಸಮಯ ನಾಲ್ಕರಷ್ಟು ಬೇಕು. ರಾತ್ರಿ ಪೂರ್ತಿ ತಿದಿ ಒತ್ತುವವರು ಯಾರು? ನಿಮ್ಮ ಮೀಟರ್ ಉದ್ದದ ಶಾಫ್ಟಿಗೆ ಇದು ಆಗದ ಮಾತು.

ಪೀಣ್ಯ ನೈಟ್ ಶಿಫ್ಟ್:
ಕಾರ್ಖಾನೆಯಲ್ಲಿ ವಾಷಿಂಗ್ ಸೋಡಾ ಬದಲು ಬೇರಿಯಂ ಕಾರ್ಬೊನೇಟ್ ಹಾಕುತ್ತಾರೆ. ಅದು ವಿಷ, ಇಲಿ ಪಾಷಾಣಕ್ಕೂ ಬಳಸುತ್ತಿದ್ದರು. ಯಾರೂ ತಂದು ಮನೆಯಲ್ಲಿ ಇಡಬೇಡಿ.

ಒಡಿಕತ್ತಿ:
ನಮ್ಮ ತಾತ ಹೇಳುತ್ತಿದ್ದರು, ಹಿಂದಿನ ಕಮ್ಮಾರರು ಕೊಂಬು, ಗೊರಸು, ಹಳೇ ಚರ್ಮ ಸುಟ್ಟ ಪುಡಿ ಹಚ್ಚಿ ಕಾಯಿಸುತ್ತಿದ್ದರಂತೆ. ಕತ್ತಿಗೆ ಶಕ್ತಿ ಬರಲಿ ಅಂತ. ಮೂಢನಂಬಿಕೆಯೋ ನಿಜವೋ?

ಮೆಟಲರ್ಜಿ ಅಕ್ಕ:
ನಿಜ. ಕೊಂಬು, ಗೊರಸು, ಚರ್ಮದಲ್ಲಿ ಇಂಗಾಲದ ಜೊತೆ ಸಾರಜನಕವೂ ಇರುತ್ತದೆ. ಎರಡೂ ಉಕ್ಕಿಗೆ ಹೋಗುತ್ತವೆ. ಇವತ್ತು ಕಾರ್ಬೊನೈಟ್ರೈಡಿಂಗ್ ಅಂತ ಕರೆಯುವುದು ಅದನ್ನೇ.

ಹೇಮಾವತಿ ದಂಡೆ:
ನಮ್ಮ ಮೈಸೂರು ಸೀಮೆಯ ಉಕ್ಕು ಲೋಕಕ್ಕೇ ಹೆಸರಾಗಿತ್ತು. 1800ರಲ್ಲಿ ಬ್ರಿಟಿಷರ ಕಡೆಯ ಫ್ರಾನ್ಸಿಸ್ ಬುಕಾನನ್ ಇಲ್ಲೆಲ್ಲ ತಿರುಗಿದಾಗ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿ, ಎಲೆ ಹಾಕಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಕೇಸ್ ಹಾರ್ಡನಿಂಗ್ ನಮ್ಮವರೇ ಕಂಡುಹಿಡಿದದ್ದು ಅನ್ನಿ.

ಮೆಟಲರ್ಜಿ ಅಕ್ಕ:
ಹೆಮ್ಮೆ ಪಡಿ, ಬೇಡ ಅನ್ನಲ್ಲ. ಆದರೆ ಅದು ಬೇರೆ ಕೆಲಸ. ಮೂಸೆಯಲ್ಲಿ ಇಡೀ ಗಟ್ಟಿಗೆ ಇಂಗಾಲ ಸೇರುತ್ತದೆ, ಮೇಲ್ಮೈಗೆ ಮಾತ್ರ ಅಲ್ಲ.

ಕೋವಿ ಮನೆ:
ವಿಷಯಕ್ಕೆ ಹೊಂದುತ್ತದೆ ಅಂತ ಕೇಳುತ್ತಿದ್ದೇನೆ. ನಮ್ಮ ಮನೆಯ ಹಳೇ ಜೋಡುನಳಿಗೆ ಕೋವಿಯ ಪಕ್ಕದ ಪ್ಲೇಟಿನ ಮೇಲೆ ನೀಲಿ, ಕಂದು, ಬೂದಿ ಬಣ್ಣ ಮೋಡದ ಹಾಗೆ ಹರಡಿತ್ತು. ಈಗ ಕೈ ಹಿಡಿಯುವ ಕಡೆ ಎಲ್ಲ ಮಾಸಿದೆ. ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ಪೂಜೆಗೆ ಇಡುವಾಗ ಬೇಜಾರಾಗುತ್ತದೆ. ಆ ಬಣ್ಣ ಮತ್ತೆ ಬರಿಸಬಹುದಾ? ಬ್ಲೋ ಲ್ಯಾಂಪ್‌ನಲ್ಲಿ ಕಾಯಿಸಿದರೆ ಬರುತ್ತದೆ ಅಂತ ಒಬ್ಬರು ಹೇಳಿದರು.

ಲೇತ್ ಮೇಷ್ಟ್ರು:
ಬ್ಲೋ ಲ್ಯಾಂಪ್ ಹತ್ತಿರವೂ ತರಬೇಡಿ!!

ಮೆಟಲರ್ಜಿ ಅಕ್ಕ:
ಅದು ಬಣ್ಣ ಹಚ್ಚಿದ್ದಲ್ಲ, ಕೇಸ್ ಹಾರ್ಡನಿಂಗ್‌ನ ಗುರುತು. ಮೂಳೆ ಇದ್ದಿಲು, ಮರದ ಇದ್ದಿಲಿನಲ್ಲಿ ಹೂತು ಕಾಯಿಸಿ, ಗಾಳಿಯ ಗುಳ್ಳೆ ಹಾಯಿಸಿದ ನೀರಿಗೆ ಒಮ್ಮೆಲೇ ಸುರಿಯುತ್ತಿದ್ದರು. ಆಗ ಮೇಲೆ ಬರುವ ತೆಳು ಆಕ್ಸೈಡ್ ಪದರದ ಬಣ್ಣ ಅದು. ಕೈ ಬೆವರು, ಬಿಸಿಲಿಗೆ ಮಾಸುತ್ತದೆ. ಕೆಳಗಿನ ಗಟ್ಟಿ ಪದರ ಹಾಗೇ ಇರುತ್ತದೆ. ಬ್ಲೋ ಲ್ಯಾಂಪ್‌ನಲ್ಲಿ ಕಾಯಿಸಿದರೆ ಬೇರೆ ಥರದ ನೀಲಿ ಬರಬಹುದು, ಆದರೆ ಗಡಸುತನ ಇಳಿಯುತ್ತದೆ. ಗುಂಡು ಸಿಡಿಯುವಾಗ ಭಾರ ತಡೆಯುವ ಭಾಗ ಅದು. ತೆಳುವಾಗಿ ಎಣ್ಣೆ ಹಚ್ಚಿ ಇಡಿ ಸಾಕು.

ವೇದಿಕೆ ನಿರ್ವಾಹಕ:
ಕೋವಿ ವಿಷಯ ಇಲ್ಲಿಗೆ ಸಾಕು. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ರಿಪೇರಿ ಏನಿದ್ದರೂ ಲೈಸೆನ್ಸ್ ಇರುವವರ ಹತ್ತಿರ ಮಾಡಿಸಿ. ಪಲ್ಪರ್‌ಗೆ ವಾಪಸ್ ಬನ್ನಿ.

ಪೊನ್ನಂಪೇಟೆ ಗದ್ದೆ:
ಪಲ್ಪರ್ ಅಲ್ಲ, ಟಿಲ್ಲರ್. ಕ್ಷಮಿಸಿ ಸಾರ್. ಟಿಲ್ಲರ್ ಬ್ಲೇಡಿಗೆ ಹಾರ್ಡ್‌ಫೇಸಿಂಗ್ (ಮೇಲೆ ಗಟ್ಟಿ ಪದರ ಕೂರಿಸುವ) ರಾಡ್‌ನಲ್ಲಿ ವೆಲ್ಡ್ ಹೊಡೆಸಿದೆ. ಮಾಡಿದ ತಕ್ಷಣ ಅಡ್ಡಡ್ಡ ಸಣ್ಣ ಬಿರುಕು ಬಿಟ್ಟಿದೆ. ವೆಲ್ಡರ್ ಕೆಡಿಸಿದ್ನಾ?

ಗೋಣಿಕೊಪ್ಪ ಸ್ಪೇರ್ಸ್:
ಕ್ರೋಮಿಯಂ ಜಾಸ್ತಿ ಇರುವ ರಾಡ್ ಆದರೆ ಹಾಗೇ ಬಿರುಕು ಬಿಡಬೇಕು. ತಣಿಯುವಾಗ ಎಳೆತ ಅಲ್ಲಿ ಬಿಡುಗಡೆ ಆಗುತ್ತದೆ. ಬಿರುಕು ವೆಲ್ಡ್‌ನಲ್ಲೇ ನಿಂತಿದ್ದರೆ ತೊಂದರೆ ಇಲ್ಲ. ಬ್ಲೇಡಿಗೇ ಇಳಿದಿದ್ದರೆ ಹಾಕಬೇಡಿ, ಕಲ್ಲಿಗೆ ತಾಗಿದರೆ ಹಾರುತ್ತದೆ. ಎರಡೂ ಬದಿಗೆ ಹೊಡೆಸಿದ್ರಾ?

ಪೊನ್ನಂಪೇಟೆ ಗದ್ದೆ:
ಹೌದು, ಎರಡೂ ಬದಿ. ಗಟ್ಟಿ ಇರಲಿ ಅಂತ.

ಗೋಣಿಕೊಪ್ಪ ಸ್ಪೇರ್ಸ್:
ಮುಂದಿನ ಸಲ ಒಂದೇ ಬದಿಗೆ ಸಾಕು. ಇನ್ನೊಂದು ಬದಿಯ ಮೆತ್ತಗಿನದು ಮೊದಲು ಸವೆದು, ಗಟ್ಟಿ ಅಂಚು ತಾನಾಗೇ ಹರಿತ ಉಳಿಯುತ್ತದೆ. ಎರಡೂ ಬದಿ ಮಾಡಿದರೆ ಮೂತಿ ಮೊಂಡಾಗಿ ಎಂಜಿನ್‌ಗೆ ಭಾರ, ಡೀಸೆಲ್ ಕುಡಿಯುತ್ತದೆ.

ಕರಿಮೆಣಸು ಸೋಮವಾರಪೇಟೆ:
ಜಲ್ಲಿ ಕ್ರಷರ್‌ನಲ್ಲಿ ಹಾಕುವ ಮ್ಯಾಂಗನೀಸ್ ಪ್ಲೇಟ್ ಕತ್ತರಿಸಿ ಬ್ಲೇಡಿಗೆ ಹಾಕಿದರೆ? ಅದು ಬಡಿದಷ್ಟೂ ಗಟ್ಟಿಯಾಗುತ್ತದಂತೆ.

ಮೆಟಲರ್ಜಿ ಅಕ್ಕ:
ಅದು ಹ್ಯಾಡ್‌ಫೀಲ್ಡ್ ಎಂಬಾತ 1882ರಲ್ಲಿ ಕಂಡುಹಿಡಿದ ಉಕ್ಕು. ಶೇ. 12ರಷ್ಟು ಮ್ಯಾಂಗನೀಸ್. ಬಡಿತ ಬಿದ್ದರೆ ಮೇಲ್ಮೈ ಗಟ್ಟಿಯಾಗುವುದು ನಿಜ. ಬಂಡೆ ಒಡೆಯುವಾಗ ಆ ಬಡಿತ ಸಿಗುತ್ತದೆ. ಗದ್ದೆ ಕೆಸರಿನಲ್ಲಿ ಬಡಿತ ಎಲ್ಲಿದೆ? ಬರೀ ಉಜ್ಜಾಟ. ಅಲ್ಲಿ ಅದು ಸಾಧಾರಣ ಉಕ್ಕಿನ ಹಾಗೇ ಸವೆಯುತ್ತದೆ.

ಅಮ್ಮತ್ತಿ ತೋಟ:
ಸರಿ, ನನ್ನ ಲೆಕ್ಕ ಇದು. ಈ ಸೀಸನ್ ಮುಗಿಸಲು ಏನಾದರೂ ಅಗ್ಗದ ದಾರಿ ಬೇಕು. ಮಳೆಗಾಲದಲ್ಲಿ ಇಎನ್ 8 ಶಾಫ್ಟ್ ಮಾಡಿಸಿ ಮೈಸೂರಿನಲ್ಲಿ ಇಂಡಕ್ಷನ್ ಮಾಡಿಸುತ್ತೇನೆ. ಈಗ ಏನು ಮಾಡಲಿ?

ಲೇತ್ ಮೇಷ್ಟ್ರು:
ಸವೆದ ಜಾಗ ಟರ್ನ್ ಮಾಡಿಸಿ ಸಣ್ಣಗೆ ಮಾಡಿ. ನೀಡಲ್ ಬೇರಿಂಗ್‌ನ ಒಳ ರಿಂಗ್ ಬಿಡಿಯಾಗಿ ಸಿಗುತ್ತದೆ. ಬೇರಿಂಗ್ ಉಕ್ಕು, 60 ರಾಕ್‌ವೆಲ್‌ನ ಆಸುಪಾಸು, ಹೊರಮೈ ಗ್ರೈಂಡ್ ಆಗಿಯೇ ಬಂದಿರುತ್ತದೆ. ಎಣ್ಣೆಯಲ್ಲಿ 100 ಡಿಗ್ರಿಗೆ ಬಿಸಿ ಮಾಡಿ ಶಾಫ್ಟಿಗೆ ಏರಿಸಿ. ಬೆಂಕಿಗೆ ನೇರ ಹಿಡಿದರೆ ಹದ ಹೋಗುತ್ತದೆ. ಹಳೇ ಬುಷ್ ಮಾತ್ರ ಎಸೆಯಿರಿ, ಅದರ ಮೈಯಲ್ಲಿರುವ ಮರಳು ಹೊಸ ರಿಂಗನ್ನೂ ಕೆರೆಯುತ್ತದೆ. ಹೊಸ ಬುಷ್‌ನ ಎರಡೂ ಬದಿಗೆ ರಬ್ಬರ್ ಸೀಲ್, ನಡುವೆ ಗ್ರೀಸ್ ನಿಪ್ಪಲ್. ಗ್ರೀಸ್ ಹೊರಗೆ ಬರುವವರೆಗೆ ಹೊಡೆಯಿರಿ, ಕೊಳೆ ಅದರ ಜೊತೆ ಈಚೆ ಬರುತ್ತದೆ.

ಅಮ್ಮತ್ತಿ ತೋಟ:
ಇದು ಆಗುತ್ತೆ ಸಾರ್. ನಾಳೆಯೇ ಗೋಣಿಕೊಪ್ಪಕ್ಕೆ ಹೋಗುತ್ತೇನೆ.

ಗೋಣಿಕೊಪ್ಪ ಸ್ಪೇರ್ಸ್:
ಶಾಫ್ಟ್ ತುಂಡು ತನ್ನಿ, ಬಾಯಿ ಲೆಕ್ಕ ಬೇಡ. ನಾಳೆ ಸಂತೆ ದಿನ ಅಲ್ಲ ತಾನೆ, ಪಾರ್ಕಿಂಗ್ ಸಿಗುತ್ತದೆ.

ಸಿದ್ದಾಪುರ ಜೀಪ್:
ಪಿನ್‌ಗೆ ಫೈಲ್ ಹಾಕಿದೆ. ಜಾರಿತು. ಕಮ್ಮಾರನ ಕೇಳಿದೆ, ಲಾರಿ ಆಕ್ಸೆಲ್ ಅಂತೆ. ಮೇಷ್ಟ್ರು ಗೆದ್ದರು, ನಮ್ಮ ಕಮ್ಮಾರನೂ ಗೆದ್ದ.

ಸಿಲ್ವರ್ ಓಕ್:
ನೆರಳಿನ ಮರಗಳ ಕೊಂಬೆ ಸವರುವುದು ಶುರು ಮಾಡಬೇಕು. ಹೊಸ ಪವರ್ ಸಾ ಚೈನ್ ಮೊದಲು ಚೆನ್ನಾಗಿ ಕೊಯ್ಯುತ್ತದೆ. ಒಂದು ಸಲ ಕಲ್ಲಿಗೆ ತಾಗಿದರೆ ಆಮೇಲೆ ಎಷ್ಟು ಫೈಲ್ ಮಾಡಿದರೂ ಅರ್ಧ ಗಂಟೆಗೆ ಮೊಂಡು. ಇದೂ ಹಾರ್ಡನಿಂಗ್ ಹೋಗಿದ್ದಾ?

ಪೀಣ್ಯ ನೈಟ್ ಶಿಫ್ಟ್:
ಚೈನ್ ಹಲ್ಲಿನ ಮೇಲ್ಭಾಗಕ್ಕೆ ಹೊರಗಡೆ ತೆಳು ಹಾರ್ಡ್ ಕ್ರೋಮ್ ಇರುತ್ತದೆ. ಕೊಯ್ಯುವ ಅಂಚು ಆ ಕ್ರೋಮೇ. ಕಲ್ಲಿಗೆ ತಾಗಿದಾಗ ಅಂಚಿನ ಕ್ರೋಮ್ ಎಗರಿ ಹೋಗಿರುತ್ತದೆ. ನೀವು ಸ್ವಲ್ಪ ಫೈಲ್ ಮಾಡಿ ನಿಲ್ಲಿಸಿದರೆ ಅಂಚಿನಲ್ಲಿ ಬರೀ ಉಕ್ಕು. ಒಳ್ಳೆಯ ಕ್ರೋಮ್ ಕಾಣುವವರೆಗೆ ಹಿಂದಕ್ಕೆ ಫೈಲ್ ಮಾಡಲೇಬೇಕು. ಎಲ್ಲ ಹಲ್ಲೂ ಅಷ್ಟೇ ಉದ್ದಕ್ಕೆ. ಫೈಲ್ ಒಳಗಿನಿಂದ ಹೊರಗೆ ತಳ್ಳಿ, ವಾಪಸ್ ಎಳೆಯುವಾಗ ಎತ್ತಿ.

ಸಿಲ್ವರ್ ಓಕ್:
ಯಾವ ಫೈಲ್ ಬ್ರದರ್? ಅಂಗಡಿಯಲ್ಲಿ ಮೂರು ಥರ ತೋರಿಸಿದರು.

ಪೀಣ್ಯ ನೈಟ್ ಶಿಫ್ಟ್:
ಚೈನ್ ಪಿಚ್ (ಕೊಂಡಿಗಳ ಅಂತರದ ಅಳತೆ) 0.325 ಇಂಚು ಆದರೆ 4.8 ಮಿ.ಮೀ. ರೌಂಡ್ ಫೈಲ್. 3/8 ಇಂಚಿನ ದೊಡ್ಡ ಚೈನ್ ಆದರೆ 5.2 ಅಥವಾ 5.5, ಚೈನ್ ಡಬ್ಬದ ಮೇಲೆ ಬರೆದಿರುತ್ತದೆ. ಪೆಟ್ಟಿಗೆ ಎಸೆದಿದ್ದರೆ ಚೈನ್ ಓಡುವ ಬಾರ್ ಮೇಲೆ ಪಿಚ್ ಒತ್ತಿರುತ್ತಾರೆ, ನೋಡಿ.